ಮಧ್ಯಾಹ್ನ ಎಳೆದ ಶಟರ್

ಮಸ್ಕತ್ತಿನಿಂದ ರಂಜಿತ್ ತಂದದ್ದರಲ್ಲಿ ಅಪ್ಪನಿಗೆ ಹಿಡಿಸದೇ ಹೋದದ್ದು ಒಂದೇ: ಮಧ್ಯಾಹ್ನದ ನಿದ್ದೆ. ಅಲ್ಲಿನ ಪೇಂಟ್ ಅಂಗಡಿಯಲ್ಲಿ ಒಂದು ಗಂಟೆಗೆ ಶಟರ್ ಎಳೆಯುವುದು, ಉಂಡು ಮಲಗುವುದು, ನಾಲ್ಕಕ್ಕೆ ಮುಖ ತೊಳೆದು ಮತ್ತೆ ತೆರೆಯುವುದು. ಇಡೀ ಬೀದಿಯೇ ಹಾಗೆ. ಅವನ ಪಾಲಿಗೆ ಅದು ನಾಗರಿಕತೆ. ಅಪ್ಪ ಸುಬ್ಬಯ್ಯನವರ ಪಾಲಿಗೆ ಶುದ್ಧ ಮೈಗಳ್ಳತನ. ಪಾಣೆಮಂಗಳೂರಿನ ತಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಅವರು ಜೀವಮಾನವಿಡೀ ಒಂದು ಕೈಯಲ್ಲಿ ಉಣ್ಣುತ್ತ, ಇನ್ನೊಂದರಲ್ಲಿ ಮೊಳೆ ತೂಗಿದವರು.

ಕಳೆದ ತಿಂಗಳು ಎದೆನೋವು ಬಂದಾಗ ಬೇರೆ ದಾರಿಯಿಲ್ಲದೆ ಮಗನಿಗೆ ಕೀ ಕೊಟ್ಟಿದ್ದರು. "ನನ್ನ ಮರ್ಯಾದೆ ತೆಗೆದರೆ ಕೀ ವಾಪಸ್ ಕೊಟ್ಟು ಮಸ್ಕತ್ತಿಗೇ ಹೋಗು."

ಸೋಮವಾರ ರಂಜಿತ್ ಧೈರ್ಯ ಮಾಡಿ ಒಂದಕ್ಕೆ ಶಟರ್ ಎಳೆದ. ಹಿಂದೆಯೇ ಇದ್ದ ಮನೆಗೆ ಹೋಗಿ, ಉಂಡು ಫ್ಯಾನಿನ ಕೆಳಗೆ ಬಿದ್ದುಕೊಂಡ. ಆಹಾ, ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಆ ಅಂಗಡಿಸಾಲಿನಲ್ಲಿ ನಡುಹಗಲು ಶಟರ್ ಬಿತ್ತೆಂದರೆ ಧಣಿ ತೀರಿಕೊಂಡರೆಂದೇ ಲೆಕ್ಕ. ಎದುರಿನ ಬಟ್ಟೆ ಅಂಗಡಿಯ ಇದಿನಬ್ಬ ಗೌರವಕ್ಕೆಂದು ತನ್ನ ಶಟರನ್ನೂ ಅರ್ಧ ಇಳಿಸಿದ. ಅದನ್ನು ಕಂಡು ಪಕ್ಕದವರೂ ಇಳಿಸಿದರು. ಸುದ್ದಿ ಪಕ್ಕದೂರು ಮೆಲ್ಕಾರಿನ ತನಕ ಹೋಯಿತು.

ಗಲಾಟೆಗೆ ರಂಜಿತ್ ಕಣ್ಣುಜ್ಜುತ್ತ ಎದ್ದು ಬರುವಷ್ಟರಲ್ಲಿ ಅಪ್ಪನೇ ಬಾಗಿಲು ತೆರೆದಿದ್ದರು. ಅಂಗಳದ ತುಂಬ ಜನ. ಎಲ್ಲರ ಮುಂದೆ ಕೊಡಲಿ ಹಿಡಿದ ಚಿನ್ನಯ್ಯ. ಯಾರ ಮನೆಯಲ್ಲಿ ಸಾವಾದರೂ ಚಿತೆಗೆ ಮರ ಕಡಿಯಲು ಮೊದಲು ಓಡಿಬರುವವ.

"ಎಂತ ಚಿನ್ನಯ್ಯ, ಕೊಡಲಿ ಎಂತಕ್ಕೆ?"

"ಯಾವ ಮಾವಿನ ಮರ ಕಡಿಯುವುದು ಅಂತ ಕೇಳುವ ಅಂತ ಬಂದದ್ದು, ಧಣಿ."

"ಯಾರಿಗೆ ಮಾರಾಯ?"

ಚಿನ್ನಯ್ಯ ನೆಲ ನೋಡಿದ. "ನಿಮಗೆ."

ಜನ ಚದುರಿದ ಮೇಲೆ ಸುಬ್ಬಯ್ಯ ಕೈ ಚಾಚಿದರು. "ಜೀವಂತ ಇದ್ದವನನ್ನು ಸುಡ್ಲಿಕ್ಕೆ ಹೊರಟೆಯಲ್ಲ! ಕೊಡು ಕೀ." ರಂಜಿತನಿಗೆ ಅಳುವೇ ಬಂತು.

ಅಮ್ಮ ಪ್ರೇಮಾವತಿ ನಡುವೆ ಬಂದರು. "ಸತ್ತರು ಅಂತ ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚಾಗ್ತದಂತೆ. ನೀವು ಇದ್ದೀರಿ ಅಂತ ಜನರಿಗೆ ಗೊತ್ತಾದರೆ ಸಾಕಲ್ಲ? ಶಟರಿನ ಎದುರು ಕುರ್ಚಿ ಹಾಕಿ ಕೂತ್ಕೊಳ್ಳಿ."

"ಆಗಲಿ. ಗಿರಾಕಿ ಬಂದರೆ ಇವನನ್ನು ಎಬ್ಬಿಸ್ತೇನೆ. ಈ ನಿದ್ದೆಯಿಂದ ಒಬ್ಬ ಗಿರಾಕಿ ವಾಪಸ್ ಹೋದರೂ ಕೀ ನನ್ನದು!"

ಮಂಗಳವಾರ ಒಂದು ಹಿಡಿ ಮೊಳೆಗೆ ಎಬ್ಬಿಸಿದರು. ಬುಧವಾರ ದಾರಿ ಕೇಳಲು ಬಂದವನಿಗಾಗಿಯೂ ಎಬ್ಬಿಸಿದರು. ಗುರುವಾರ ಯಾರೂ ಎಬ್ಬಿಸಲಿಲ್ಲ. ರಂಜಿತ್ ಹಾಯಾಗಿ ನಿದ್ದೆ ಹೋದ.

ಎಚ್ಚರವಾದದ್ದು ಇದಿನಬ್ಬನ ಕೂಗಿಗೆ. "ನಿನ್ನ ಅಪ್ಪ ಕರೆದರೆ ಮಾತಾಡುವುದಿಲ್ಲ ಮಾರಾಯ!"

ರಂಜಿತ್ ಬರಿಗಾಲಲ್ಲೇ ಓಡಿದ. ಅಪ್ಪ ಕುರ್ಚಿಯಲ್ಲಿ ಬಾಯಿ ತೆರೆದು ಹಿಂದಕ್ಕೆ ವಾಲಿದ್ದರು. ಪಕ್ಕದಲ್ಲಿ ನಲ್ಲಿ ಕೊಳ್ಳಲು ಬಂದವನೊಬ್ಬ ಗಾಬರಿಯಿಂದ ನಿಂತಿದ್ದ. ದೇವರೇ, ನನ್ನ ಒಂದು ನಿದ್ದೆಗೆ ಅಪ್ಪನನ್ನೇ ಬಲಿ ಕೊಟ್ಟೆನಲ್ಲ ಎಂದುಕೊಂಡು ಬೆರಳನ್ನು ಅವರ ಮೂಗಿನ ಬಳಿ ಹಿಡಿದ. ಉಸಿರು ಬೆಚ್ಚಗೆ ತಾಗಿತು.

ಸುಬ್ಬಯ್ಯ ಒಂದು ಕಣ್ಣು ತೆರೆದರು. ಮಗನ ಬೆರಳನ್ನು ನೊಣದಂತೆ ತಳ್ಳಿ, ನಲ್ಲಿಯವನತ್ತ ತಿರುಗಿ ಗದರಿದರು:

"ಇದು ಮಲಗುವ ಹೊತ್ತು. ನಾಲ್ಕಕ್ಕೆ ಬನ್ನಿ."

ಗಿರಾಕಿ ವಾಪಸ್ ಹೋದ. ಕೀಯ ಮಾತನ್ನು ಅಪ್ಪನೂ ಎತ್ತಲಿಲ್ಲ, ಮಗನೂ ಎತ್ತಲಿಲ್ಲ.