ಹದಿನೇಳನೇ ಇಲಿಯ ಹಲ್ಲು

ನಾನು ಒಂದು ಬಿಳಿ ಇಲಿ. ಧಾರವಾಡದ ಒಂದು ಪ್ರಯೋಗಾಲಯದ ಪ್ರಾಣಿಮನೆಯಲ್ಲಿ, ಭತ್ತದ ಹೊಟ್ಟಿನ ಮೇಲೆ, ಹನ್ನೊಂದು ಮರಿಗಳ ಜೊತೆ ಹುಟ್ಟಿದೆ. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅಲ್ಲಿನ ಜವಾನ ಫಕ್ಕೀರಪ್ಪನ ಅಂಗೈ. ಪಂಜರ ತೊಳೆಯುವಾಗ ಅವನು ನಮ್ಮನ್ನು ಅಂಗಿಯ ಜೇಬಿಗೆ ಬಿಟ್ಟುಕೊಳ್ಳುತ್ತಿದ್ದ. ಅಲ್ಲಿ ಬೀಡಿಯ ವಾಸನೆ, ಬೆಚ್ಚಗಿನ ಕತ್ತಲೆ. ಲೋಕವೆಂದರೆ ಅಷ್ಟೇ ಎಂದು ನಂಬಿದ್ದೆ.

ಎರಡು ತಿಂಗಳು ತುಂಬಿದಾಗ ರೇವತಿ ಹಂಚಿನಮನಿ ಎಂಬ ಹುಡುಗಿ ಬಂದು ನನ್ನ ಬಾಲದ ಮೇಲೆ ಹದಿನೇಳು ಎಂದು ಬರೆದಳು. ಒತ್ತಡ ಮಿದುಳನ್ನು ಏನು ಮಾಡುತ್ತದೆ ಎಂಬುದರ ಮೇಲೆ ಅವಳು ಪಿಎಚ್‌.ಡಿ. ಮಾಡುತ್ತಿದ್ದಳು. ಮೊದಲು ಈಜು ಕಲಿಸಿದಳು. ಹಾಲಿನ ಪುಡಿ ಕಲಸಿದ ನೀರಿನ ತೊಟ್ಟಿಯಲ್ಲಿ, ಕಣ್ಣಿಗೆ ಕಾಣದಂತೆ, ಒಂದು ಪುಟ್ಟ ಕಟ್ಟೆ ಮುಳುಗಿರುತ್ತಿತ್ತು. ಗೋಡೆಯ ಗಡಿಯಾರ, ಕಿಟಕಿ ನೋಡಿ ಅದರ ಜಾಗ ಗುರುತು ಹಿಡಿಯಬೇಕು. ನಾಲ್ಕೇ ದಿನಕ್ಕೆ ನಾನು ನೆಟ್ಟಗೆ ಹೋಗಿ ಹತ್ತುತ್ತಿದ್ದೆ.

ಆಮೇಲೆ ಕೊಳವೆ ಬಂತು. ನನ್ನ ಮೈಯಷ್ಟೇ ಅಗಲದ ಪ್ಲಾಸ್ಟಿಕ್ ಕೊಳವೆ. ದಿನಕ್ಕೆ ಎರಡು ತಾಸು, ಹತ್ತು ದಿನ. ತಿರುಗುವಂತಿಲ್ಲ, ಮೂತಿ ಒರೆಸಿಕೊಳ್ಳುವಂತಿಲ್ಲ. ಮೊದಲ ದಿನ ಕಿರುಚಿದೆ. ಐದನೆಯ ದಿನದಿಂದ ಕಿರುಚಲಿಲ್ಲ. ಹನ್ನೊಂದನೆಯ ದಿನ ತೊಟ್ಟಿಗೆ ಬಿಟ್ಟರೆ ಕಟ್ಟೆ ಎಲ್ಲಿದೆಯೆಂದೇ ತಿಳಿಯಲಿಲ್ಲ, ಸುತ್ತಿ ಸುತ್ತಿ ಸೋತೆ. ರೇವತಿ ಅದನ್ನು ಬರೆದುಕೊಂಡು ಮುಗುಳ್ನಕ್ಕಳು. ಅಂದೇ ಶಪಥ ಮಾಡಿದೆ: ಈ ಬೆರಳುಗಳು ಒಮ್ಮೆ ನನ್ನ ಹಲ್ಲಿಗೆ ಸಿಗಬೇಕು.

ನನ್ನ ಗುಂಪಿಗೆ ಮೂರು ವಾರ ಬಿಡುವು. ಹೋದ ನೆನಪು ಮರಳುತ್ತದೆಯೇ ಎಂದು ನೋಡುವುದಕ್ಕಾಗಿ. ಪಂಜರ ರೇವತಿಯ ಮೇಜಿನ ಮೇಲೆಯೇ ಇತ್ತು. ಅಲ್ಲಿಂದ ನಾನು ಅವಳ ಕೊಳವೆಯನ್ನು ಕಂಡೆ. ಅವಳ ಗೈಡ್, ಡಾಕ್ಟರ್ ಕೊಣ್ಣೂರ, ದಿನಾ ಹತ್ತಕ್ಕೆ ಬಂದು ಅವಳನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದರು. ಅವಳು ಬರೆದ ಸಂಶೋಧನಾ ಲೇಖನಕ್ಕೆ ತಮ್ಮೊಬ್ಬರದೇ ಹೆಸರು ಹಾಕಿಕೊಂಡಿದ್ದರು. ಕೇಳಿದ್ದಕ್ಕೆ ಎದುರೇ ಹಾಳೆಗಳನ್ನು ಬೀಸಿ ಒಗೆದರು.

“ಇಲಿ ಮಿದುಳು ಕೊಯ್ಯೂದು ಆಮ್ಯಾಲ. ನಿನ್ನ ತಲ್ಯಾಗ ಏನರ ಅದನ ಅನ್ನೂದು ಮೊದಲ ನೋಡ್ಕೊ.”

ಬರಬರುತ್ತ ಪಡಸಾಲೆಯಲ್ಲಿ ಅವರ ಬೂಟಿನ ಸಪ್ಪಳ ಕೇಳಿದರೆ ಸಾಕು, ರೇವತಿ ಪೆನ್ನು ಹಿಡಿದ ಹಾಗೇ ಕಲ್ಲಾಗುತ್ತಿದ್ದಳು. ಪಂಜರದ ಚೀಟಿಗಳನ್ನು ಅದಲುಬದಲು ಅಂಟಿಸಿದಳು. ತಮ್ಮನ ಲಗ್ನದ ದಿನವನ್ನೇ ಮರೆತಳು. ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಫಕ್ಕೀರಪ್ಪ ಮಾತ್ರ ಒಂದು ದಿನ ಹೊಟ್ಟು ಹಾಕುತ್ತ ಹೇಳಿದ, “ಅಕ್ಕಾರ, ನೀವೂ ನಿಮ್ಮ ಇಲಿ ಹಂಗ ಆಗಾಕತ್ತೀರಿ.”

ಮರುದಿನ ಅವಳು ಕೈಗವಸು ಮರೆತು ಪಂಜರಕ್ಕೆ ಬರಿಗೈ ಹಾಕಿದಳು. ನಾನು ತೋರುಬೆರಳನ್ನು ಎಲುಬು ಮುಟ್ಟುವಂತೆ ಕಚ್ಚಿದೆ. ಅವಳು ಕೂಗಲೂ ಇಲ್ಲ, ಕೊಡವಲೂ ಇಲ್ಲ. ಹನಿಯುವ ರಕ್ತವನ್ನು ನೋಡುತ್ತ ಬಹಳ ಹೊತ್ತು ಕೂತಳು. ಅಷ್ಟರಲ್ಲಿ ಕೊಣ್ಣೂರ ಬಂದು, ಇಲಿಗೆ ಏನೂ ಆಗಿಲ್ಲವಷ್ಟೇ ಎಂದು ಕೇಳಿ ಹೋದರು. ಆಮೇಲೆ ಅವಳು ಪ್ರಯೋಗದ ದಿನಚರಿ ಪುಸ್ತಕ ತೆರೆದು ಏನೋ ಬರೆದಳು. ಅವಳ ಮುಖ ಬದಲಾಗಿತ್ತು. ಹಗೆಯ ಮುಖ ಹೇಗಿರುತ್ತದೆಂದು ನನಗೆ ಗೊತ್ತು.

ಬಿಡುವು ಮುಗಿದು ತೊಟ್ಟಿಗೆ ಬಿಟ್ಟಾಗ ಕಟ್ಟೆ ಮತ್ತೆ ಸಿಕ್ಕಿತು. ಅದೇ ವಾರ ಪ್ರಯೋಗಾಲಯದ ಕೆಲಸ ಪರಿಶೀಲಿಸಲು ಹೊರ ಊರಿನಿಂದ ಮೂವರು ವಿಜ್ಞಾನಿಗಳು ಬಂದರು. ಕೊಣ್ಣೂರ ಅವರಿಗೆ ಪ್ರಯೋಗ ವಿವರಿಸುತ್ತ, ಒಂದೊಂದು ಇಲಿಯನ್ನೂ ತಾವೇ ಕೈಯಾರೆ ಹಿಡಿದು ಕೆಲಸ ಮಾಡಿದ್ದಾಗಿ ಹೇಳಿದರು. ಕೊಳವೆಗೆ ಹಾಕುವುದನ್ನು ತೋರಿಸಲು ಒಂದು ಇಲಿ ತರಿಸಿದರು. ರೇವತಿ ಮೂವತ್ತು ಇಲಿಗಳಲ್ಲಿ ನನ್ನನ್ನೇ ಆರಿಸಿ ತಂದಳು.

“ನೀವ ಹಾಕಿ ತೋರಸ್ರಿ ಸರ್,” ಅಂದಳು ಮೆಲ್ಲಗೆ.

ಅವರು ಬರಿಗೈ ಚಾಚಿದರು. ಆ ಬೂಟುಗಳ ಸಪ್ಪಳ ನನಗೂ ಮೂರು ವಾರದಿಂದ ಪರಿಚಯ. ಹೆಬ್ಬೆರಳಿನ ಬುಡಕ್ಕೆ ಹಲ್ಲೂರಿ ಜೋತುಬಿದ್ದೆ. ಅವರು ಕೈ ಕೊಡವಿ, ಮೇಜಿಗೆ ಬಡಿದು, ನನ್ನನ್ನು ಬಿಡಿಸಿಕೊಂಡರು.

“ಇದು ಕಡೀತದ ಅಂತ ಹೇಳಬೇಕಿಲ್ಲೇನ?”

“ಬರದೀನ್ರಿ ಸರ್. ಹದಿನೇಳನೇ ಇಲಿ ಬರಿಗೈ ಕಂಡರ ಕಡೀತದ ಅಂತ. ಪುಟದ ಕೆಳಗ ನಿಮ್ಮ ಸಹಿನೂ ಅದ.”

ಬಂದವರಲ್ಲಿ ಹಿರಿಯರಾಗಿದ್ದ ಒಬ್ಬ ಹೆಂಗಸು ಆ ಪುಸ್ತಕ ತರಿಸಿಕೊಂಡು ಮೊದಲಿನಿಂದ ಓದತೊಡಗಿದರು. ಅಕ್ಷರವೆಲ್ಲ ರೇವತಿಯೊಬ್ಬಳದೇ ಆಗಿತ್ತು. ಕೊಣ್ಣೂರ ಕರವಸ್ತ್ರ ಸುತ್ತಿದ ಕೈ ಹಿಡಿದು ನಿಂತೇ ಇದ್ದರು, ಯಾರೂ ಅವರಿಗೆ ಕೂರಲು ಹೇಳಲಿಲ್ಲ. ವಿಚಾರಣೆ ನಡೆಯಿತು, ಲೇಖನಕ್ಕೆ ರೇವತಿಯ ಹೆಸರು ಬಂತು, ಅವಳಿಗೆ ಬೇರೆ ಗೈಡ್ ಸಿಕ್ಕರು. ಕೊಣ್ಣೂರ ಊರು ಬಿಟ್ಟರು. ಅವರ ಹೆಬ್ಬೆರಳು ಇಂದಿಗೂ ಮಡಚಲು ಬರುವುದಿಲ್ಲವಂತೆ. ಕೇಳಿದಾಗಲೆಲ್ಲ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಜೊತೆಯವರ ಮಿದುಳುಗಳನ್ನು ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಟ್ಟರು. ನನ್ನನ್ನು ಪಟ್ಟಿಯಿಂದ ಬಿಡಿಸಿ ರೇವತಿ ಫಕ್ಕೀರಪ್ಪನಿಗೆ ಒಪ್ಪಿಸಿದಳು. ಈಗ ಅವನ ಸಾಮಾನು ಕೋಣೆಯ ಮೂಲೆಯೇ ನನ್ನ ಮನೆ. ನನಗೆ ಎರಡು ವರ್ಷ ದಾಟಿದೆ, ಹಿಂಗಾಲು ಎಳೆಯುತ್ತವೆ. ರೇವತಿ ಆಗಾಗ ಬಂದು ಕೂರುತ್ತಾಳೆ. ಗಾಜಿನಲ್ಲಿ ಕಂಡದ್ದನ್ನು ಒಮ್ಮೆ ಫಕ್ಕೀರಪ್ಪನಿಗೆ ಬಿಡಿಸಿ ಹೇಳಿದಳು. ನರಕೋಶಗಳಿಗೆ ಗಿಡದ ಹಾಗೆ ಟಿಸಿಲುಗಳಿರುತ್ತವೆ, ಅವುಗಳ ಮೂಲಕವೇ ಒಂದಕ್ಕೊಂದು ನಂಟು. ಒತ್ತಡದಲ್ಲಿ ನೆನಪಿನ ಭಾಗದ ಟಿಸಿಲುಗಳು ಮುರುಟುತ್ತವೆ, ಅಂಜಿಕೆಯ ಭಾಗದವು ಹಬ್ಬುತ್ತವೆ. ಮೂರು ವಾರದ ಬಿಡುವಿನಲ್ಲಿ ನೆನಪಿನವು ಮತ್ತೆ ಚಿಗುರಿದ್ದವು.

“ಅಂಜಿಕೀವು?” ಎಂದು ಕೇಳಿದ ಫಕ್ಕೀರಪ್ಪ.

“ಅವು ಹಂಗ ಅದಾವು ಕಾಕಾ.”

ಮೊನ್ನೆ ಅವನು ಹೊಸ ಚಪ್ಪಲಿ ಮೆಟ್ಟಿ ಬಂದ. ಬೂಟಿನಂಥ ಆ ಕಟಕಟ ಸಪ್ಪಳಕ್ಕೆ ನಾನು ಕಲ್ಲಾದೆ. ರೊಟ್ಟಿಯ ಚೂರು ಹಿಡಿದು ಅವನ ಕೈ ಒಳಗೆ ಬಂತು. ಯಾರದೆಂದು ಮೂಸಿ ನೋಡುವ ಮೊದಲೇ ನನ್ನ ಹಲ್ಲು ಊರಿತ್ತು. ಅವನು ಬೈಯಲಿಲ್ಲ. ಗಾಯ ಚೀಪಿಕೊಳ್ಳುತ್ತ, ಇಷ್ಟು ದಿನ ಇಲ್ಲದ್ದು ಈಗೇಕೆ ಎಂಬಂತೆ ನನ್ನನ್ನು ನೋಡಿದ.

ಕೊಣ್ಣೂರರನ್ನು ಕಚ್ಚಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇನ್ನೊಮ್ಮೆ ಸಿಕ್ಕರೆ ಇನ್ನೊಮ್ಮೆ ಕಚ್ಚುತ್ತೇನೆ. ಸೇಡು ತೀರಿದರೆ ಒಳಗಿನದೂ ಉದುರಿ ಹೋಗುತ್ತದೆಂದು ಎಣಿಸಿದ್ದೆ, ಅಷ್ಟೇ ನನ್ನ ತಪ್ಪು. ಈಗ ಫಕ್ಕೀರಪ್ಪ ರೊಟ್ಟಿಯನ್ನು ಒಂದು ಕಡ್ಡಿಯ ತುದಿಗೆ ಸಿಕ್ಕಿಸಿ, ದೂರದಿಂದಲೇ ಒಳಗೆ ನೂಕುತ್ತಾನೆ.