ತಾರಸಿಗೆ ಇಳಿದವನು

ವಾಯುಪಡೆಯ ರನ್‌ವೇ ನಮ್ಮ ಬೀದಿಯ ಹಿಂದಿನ ಬಯಲಿನಾಚೆಗೇ ಇತ್ತು. ಜೆಟ್ ಬಂದರೆ ಎಲ್ಲರೂ ಬಾಯಿ ಮುಚ್ಚಿ ಕಾಯಬೇಕು. "ನಿಮ್ಮ ಮನೇಲಿ ಜಗಳ ಆಡೋಕೂ ವಿಮಾನದ ಟೈಮ್ ನೋಡ್ಕೋಬೇಕು" ಎಂದು ಅಕ್ಕನ ಗೆಳತಿ ನಗುತ್ತಿದ್ದಳು. ಗಡಿಯಾರ ರಿಪೇರಿ ಮಾಡುವ ಅಪ್ಪ ಪುಟ್ಟ ತಿರುಪುಗಳು ಹಾರಿಹೋಗದಂತೆ ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಅಜ್ಜಿ ಮಾತ್ರ ಆಕಾಶಕ್ಕೇ ಬೈಯುತ್ತಿದ್ದಳು: "ಸ್ವಲ್ಪ ಮೇಲೆ ಹೋದ್ರೆ ಇವನ ಗಂಟೇನು ಹೋಗ್ತಿತ್ತು!"

ಒಂದು ದಿನ ಬೆಳಿಗ್ಗೆ ಅಜ್ಜಿಯೂ ನಾನೂ ತಾರಸಿಯ ಮೇಲೆ ಹೊದಿಕೆ ಒಣಹಾಕುತ್ತಿದ್ದೆವು. ಬಂದ ಜೆಟ್ಟಿನ ಸದ್ದು ಕೆಮ್ಮಿದಂತಿತ್ತು. ಅದು ವಾಲಿಕೊಂಡು ಮನೆಗಳ ನೆತ್ತಿಯಿಂದ ಪಕ್ಕಕ್ಕೆ ತಿರುಗಿತು. ಒಂದು ಪ್ಯಾರಾಚೂಟ್ ಬಿಚ್ಚಿಕೊಂಡಿತು. ಗಾಳಿ ಅದನ್ನು ನಮ್ಮ ಕಡೆಗೇ ತಳ್ಳಿತು. ನೋಡನೋಡುತ್ತಿದ್ದಂತೆ ಪೈಲಟ್ ನಮ್ಮ ಬಟ್ಟೆ ಹಗ್ಗಕ್ಕೆ ಸಿಕ್ಕಿ ಹೊದಿಕೆಗಳ ಸಮೇತ ಧಪ್ಪನೆ ಬಿದ್ದ. ದೂರದಲ್ಲಿ ಏನೋ ಸಿಡಿದು ಹೊಗೆ ಎದ್ದಿತು.

ಹೆಲ್ಮೆಟ್ ತೆಗೆದರೆ ಇನ್ನೂ ಎಳೆಯ ಮುಖ. ಒಂದು ಕಾಲು ಸೊಟ್ಟಗೆ ತಿರುಗಿತ್ತು.

"ಅಜ್ಜಿ, ವಿಮಾನ ಯಾರ ಮೇಲಾದ್ರೂ ಬಿತ್ತಾ?" ಎಂದ.

"ಮೊದ್ಲು ನೀರು ಕುಡಿ, ಮಗಾ."

"ಯಾರ ಮೇಲಾದ್ರೂ ಬಿತ್ತಾ, ಹೇಳಿ!"

ಅಜ್ಜಿ ಕೆಳಗೆ ಬಗ್ಗಿ ಕೂಗಿದಳು: "ಲೋ, ಹೋಗಿ ನೋಡ್ಕೊಂಡು ಬಾರೋ!" ಅಪ್ಪ ಕೈಯಲ್ಲಿದ್ದುದನ್ನು ಬಿಟ್ಟು ಸೈಕಲ್ ಹತ್ತಿದರು. ಅವರು ಬರುವವರೆಗೂ ಅವನು ನೀರು ಮುಟ್ಟಲಿಲ್ಲ. ಇಷ್ಟು ವರ್ಷ ಬೈದ ಅಜ್ಜಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅಪ್ಪ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಕಲ್ಲು ಕ್ವಾರಿಯ ನೀರಲ್ಲಿ ಬಿದ್ದಿದೆ. ಯಾರಿಗೂ ಏನೂ ಆಗಿಲ್ಲ."

ಅವನು ಆಗ ಅತ್ತ ಅಳು! ನೋವಿಗೂ ಅಷ್ಟು ಅತ್ತಿರಲಿಲ್ಲ.

ಕೆಲವು ವಾರಗಳ ನಂತರ ಅಧಿಕಾರಿಗಳು ಬೀದಿಯವರನ್ನು ಶಾಲೆಯ ಹಾಲ್‌ಗೆ ಕರೆದರು. "ವಿಮಾನ ಬರೋಕೆ ಈ ದಾರಿ ಬಿಟ್ರೆ ಬೇರೆ ದಾರಿ ಇಲ್ಲ" ಎಂದು ಹಿರಿಯ ಅಧಿಕಾರಿ ಹೇಳಿ ಮುಗಿಸುವಷ್ಟರಲ್ಲಿ ಊರುಗೋಲಿನ ಸದ್ದಾಯಿತು. ಅದೇ ಹುಡುಗ.

"ಇದೆ ಸರ್. ಕೆರೆ ಮೇಲಿಂದ ಬರ್ಬಹುದು. ಸುತ್ತು ಆಗುತ್ತೆ, ಅಷ್ಟೇ. ಆವತ್ತು ಎಂಜಿನ್ ಇನ್ನೊಂದು ಚೂರು ಮುಂಚೆ ನಿಂತಿದ್ರೆ ಕ್ವಾರಿ ಕಡೆ ತಿರುಗ್ಸೋಕೆ ಆಗ್ತಿರ್ಲಿಲ್ಲ."

ಅಧಿಕಾರಿಯ ಮುಖ ಸಣ್ಣಗಾಯಿತು. ಮುಂದಿನ ಸಾಲಿನಿಂದ ಅಜ್ಜಿ ಹೇಳಿದಳು: "ಮೊದ್ಲು ಆ ಹುಡುಗನಿಗೆ ಕುರ್ಚಿ ಕೊಡಿ, ಆಮೇಲೆ ವಾದ ಮಾಡಿ." ಹಾಲ್ ತುಂಬಾ ನಗು.

ಮುಂದಿನ ಬೇಸಿಗೆಗೆ ದಾರಿ ಬದಲಾಯಿತು. ಆ ಸುದ್ದಿ ಹೇಳಲು ಅವನೇ ಕುಂಟುತ್ತಾ ಬಂದ. ತಾನಿನ್ನು ಹಾರುವಂತಿಲ್ಲ, ಹೊಸಬರಿಗೆ ಪಾಠ ಹೇಳುವ ಕೆಲಸ ಎಂದ.

"ಬೇಜಾರಾ?"

"ಹೂಂ ಅಜ್ಜಿ, ತುಂಬಾ."

ಅಜ್ಜಿ ಎದ್ದು ಹೋಗಿ ಕಾಫಿ ಮಾಡಿ ತಂದಳು. ಇಬ್ಬರೂ ತಾರಸಿಯ ಮೇಲೆ ಕೂತು, ಕೆರೆಯಾಚೆ ಹೋಗುವ ಜೆಟ್‌ಗಳನ್ನು ನೋಡುತ್ತಾ ಕಾಫಿ ಕುಡಿದರು. ಅಜ್ಜಿ ಇರುವವರೆಗೂ ಅವನು ಬಂದುಹೋಗುತ್ತಿದ್ದ.

ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಆ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಜೆಟ್ಟಿನ ಅಬ್ಬರವಲ್ಲ, ಒಂದು ಗುನುಗು. ದಾರಿ ಬದಲಾದ ಆ ವಾರ ಮನೆಯಲ್ಲಿ ಯಾರೋ ಗುನುಗುತ್ತಿರುವುದು ಕೇಳಿಸಿತು. ನಾನೂ ಅಕ್ಕನೂ ಹುಡುಕಿಕೊಂಡು ಹೋದರೆ, ಅಪ್ಪ! ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ಕೆಲಸ ಮಾಡುತ್ತಾ, ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದರು. ಎಷ್ಟು ವರ್ಷಗಳಿಂದ ಹಾಡುತ್ತಿದ್ದರೋ, ಜೆಟ್‌ಗಳ ಸದ್ದಿನಲ್ಲಿ ನಮಗೆ ಕೇಳಿಸಿರಲೇ ಇಲ್ಲ. ಯಾವ ಹಾಡೆಂದು ಕೇಳಿದರೆ ನಾಚಿ ನಿಲ್ಲಿಸಿಬಿಡುತ್ತಾರೆಂದು ನಾವಿಬ್ಬರೂ ಕೇಳಲೇ ಇಲ್ಲ.