ಕೈ ಬಿಟ್ಟರೂ ನಿಲ್ಲುವ ಹೆಲಿಕಾಪ್ಟರು

ಅಣ್ಣ ಶೂ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಂಗಿಯ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದಾಗಲೇ ಅವಳಿಗೆ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಎಂದು. ಸಿಟಿ ಬಸ್ಸನ್ನು ಒಂದೇ ಕೈಯಲ್ಲಿ ತಿರುಗಿಸುವ ಆಸಾಮಿ ರಟ್ಟಿನ ಡಬ್ಬಿಗೆ ಎರಡು ಕೈ ಹಾಕಿದ್ದಾನೆಂದರೆ ಒಳಗಿರುವುದು ಅದೇ, ಅವನ ಹೆಲಿಕಾಪ್ಟರು.

ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದ. ಗೇಣುದ್ದದ ಯಂತ್ರ ಕಾಲು ಮುರಿದುಕೊಂಡು, ಬಾಲ ಎರಡು ತುಂಡಾಗಿ, ರೆಕ್ಕೆಗಳು ದಿಕ್ಕಿಗೊಂದಾಗಿ ಮಲಗಿತ್ತು.

"ಸೀಲಿಂಗ್ ಫ್ಯಾನು," ಎಂದ ಅಣ್ಣ, ಸಾವಿನ ಸುದ್ದಿ ಹೇಳುವವರ ಧ್ವನಿಯಲ್ಲಿ. "ನಾನು ಹಾಲ್‌ನಲ್ಲಿ ಹಾರಿಸ್ತಾ ಇದ್ದೆ. ನಿಮ್ಮತ್ತಿಗೆ ಸೆಕೆ ಅಂತ ಸ್ವಿಚ್ ಹಾಕಿಬಿಟ್ಲು."

"ಅತ್ತಿಗೆಗೆ ಏನೂ ಆಗಿಲ್ಲ ತಾನೆ?"

"ಅವಳಿಗೇನಾಗತ್ತೆ? ಫ್ಯಾನಿಗೂ ಏನೂ ಆಗಿಲ್ಲ!"

ರಿಮೋಟ್ ಯಂತ್ರಗಳನ್ನು ಹಾರಿಸುವವರ ಕ್ಲಬ್ಬಿನಲ್ಲಿ ಅಣ್ಣನನ್ನು ಎಲ್ಲರೂ 'ಕ್ಯಾಪ್ಟನ್' ಎನ್ನುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು. ಈ ಹೆಲಿಕಾಪ್ಟರು ಅವನ ಹೊರತು ಬೇರೆ ಯಾರ ಕೈಗೂ ಒಗ್ಗುತ್ತಿರಲಿಲ್ಲ. ಪಳಗಿದವರೇ ರಿಮೋಟು ಹಿಡಿದರೂ ಮೇಲೆದ್ದ ಕ್ಷಣದಲ್ಲಿ ಎಡಕ್ಕೆ ವಾಲಿಕೊಂಡು ಹೋಗಿ ಗೋಡೆಗೆ ಡಿಕ್ಕಿ. ಕ್ಲಬ್ಬಿನ ಹಿರಿಯರು, ಗಡಿಯಾರದಂಗಡಿ ಯಜಮಾನರು, ಎರಡು ಸಲ ಪ್ರಯತ್ನಿಸಿ ಕೈಮುಗಿದಿದ್ದರು. ಅಣ್ಣ ಹಿಡಿದರೆ ಮಾತ್ರ ಬಾಲ ಮುದುರಿಕೊಂಡು ಹೇಳಿದಲ್ಲಿಗೆ ಹೋಗುತ್ತಿತ್ತು. "ಇದು ನನ್ನ ಮಾತು ಮಾತ್ರ ಕೇಳೋದು," ಎಂದು ಅವನು ಮೀಸೆಯ ಮೇಲೆ ಕೈ ಹಾಕುತ್ತಿದ್ದ. ಬ್ಯಾಡ್ಮಿಂಟನ್ ಹಾಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ ಹತ್ತಿರ ಬಂದಿತ್ತು. ಈ ಸಲದ ಕೊನೆಯ ಹಾರಾಟ, ಅಂದರೆ ಎಲ್ಲರೂ ಕಾದು ಕೂರುವ ಹಾರಾಟ, ಅವನದು.

"ಆಟಿಕೆ ಅಂಗಡಿಯವನು ಬಿಸಾಕಿ ಅಂದ. ನಿನ್ನ ಕೈಲಿ ಆಗತ್ತಾ, ಸ್ಕ್ರೂ?"

ಸ್ಕ್ರೂ ಎಂದರೆ ತಂಗಿಯೇ. ಚಿಕ್ಕಂದಿನಲ್ಲಿ ಮನೆಯ ರೇಡಿಯೊ, ಅಲಾರಾಂ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರವಿಕೊಂಡು ಕೂರುತ್ತಿದ್ದಳು. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಮಿಕ್ಕೇ ಮಿಗುತ್ತಿತ್ತು ಎಂದು ಅಣ್ಣ ಇವತ್ತಿಗೂ ಹಂಗಿಸುತ್ತಾನೆ. ಶುದ್ಧ ಸುಳ್ಳು. ಮಿಕ್ಕಿದ್ದು ಒಂದೇ ಸಲ, ಅದೂ ಅವನೇ ಬೇರೆ ಕಡೆಯಿಂದ ತಂದು ಹಾಕಿದ್ದು. ಈಗ ಅವಳು ಎಳ್ಳಿನಷ್ಟು ಸಣ್ಣ ಸ್ಕ್ರೂಗಳ ಜೊತೆಯಲ್ಲೇ ಬಾಳ್ವೆ ಮಾಡುವವಳು. ಅಂಥವಳನ್ನು ಆಗತ್ತಾ ಎಂದು ಕೇಳುವುದೇ?

"ಇಟ್ಟು ಹೋಗು," ಎಂದಳು.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕೆಲಸ ಸಾಗಿತು. ಬಿರುಕು ಬಿಟ್ಟ ಮೂತಿಗೆ, ಅರ್ಧ ಫ್ರೇಮಿನ ಕನ್ನಡಕದಲ್ಲಿ ಗಾಜು ಹಿಡಿದಿಡುವ ನೈಲಾನ್ ದಾರದಿಂದ ಹೊಲಿಗೆ ಹಾಕಿದಳು. ಬಾಲದ ಹಳೆಯ ಮೋಟಾರು ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿತ್ತು. ಅದನ್ನು ಕಿತ್ತು, ಅಷ್ಟು ಬಿಸಿಯಾಗದ, ಬ್ರಶ್ ಇಲ್ಲದ ಹೊಸ ನಮೂನೆಯದನ್ನು ಕೂರಿಸಿದಳು. ಹಳೆಯ ಬೋರ್ಡು ತೆಗೆದು ಸಮತೋಲ ತಾನೇ ಕಾಯುವ ಬೋರ್ಡು ಹಾಕಿದಳು, ಅದಕ್ಕೆ ಹೊಂದುವ, ಪುಟ್ಟ ಪರದೆಯಿರುವ ರಿಮೋಟನ್ನೂ ತರಿಸಿದಳು. ಹೊಸ ರೆಕ್ಕೆಗಳನ್ನು ಸೂಜಿಯ ಮೇಲೆ ತೂಗಿ, ಹಗುರಾದ ರೆಕ್ಕೆಗೆ ಉಗುರಿನ ಚೂರಿನಷ್ಟು ಟೇಪು ಅಂಟಿಸಿದಳು. ಅದೂ ಹೆಚ್ಚಾಯಿತೆಂದು ಟೇಪನ್ನು ಕತ್ತರಿಸಿ ಇನ್ನೂ ಚಿಕ್ಕದು ಮಾಡಿದಳು. ಹಟ ಹಿಡಿದರೆ ಅವಳು ಹಾಗೆಯೇ.

ಒಂದು ಕಡೆ ಮಾತ್ರ ಕೈ ನಿಂತಿತು. ರೆಕ್ಕೆಗಳ ಬುಡದಲ್ಲಿ ಒಂದು ಪುಟ್ಟ ತಟ್ಟೆ ಇರುತ್ತದೆ, ಅದು ಎತ್ತ ವಾಲಿದರೆ ಹೆಲಿಕಾಪ್ಟರು ಅತ್ತ. ಆ ತಟ್ಟೆಯನ್ನು ಹಿಡಿದಿದ್ದ ಸೂಜಿಗಾತ್ರದ ಸರಳೊಂದು ಸೊಟ್ಟಗಿತ್ತು. ಬಗ್ಗಿದ ಜಾಗದಲ್ಲಿ ಕೊಳೆ ಕೂತು ಕಪ್ಪಾಗಿತ್ತು. ಫ್ಯಾನಿನ ಪೆಟ್ಟು ಅಲ್ಲ ಇದು, ಹಳೆಯ ಗಾಯ. ಆ ಸರಳು ಸೊಟ್ಟಗಾದದ್ದು ಹೇಗೆಂದು ಫೋನು ಮಾಡಿ ಕೇಳಿದಳು.

"ತಂದ ಹೊಸದರಲ್ಲಿ ಬೀರುವಿನ ಮೇಲಿಂದ ಒಂದ್ಸಲ ಬಿದ್ದಿತ್ತು," ಎಂದ ಅಣ್ಣ. "ಏನೂ ಆಗಿರ್ಲಿಲ್ಲ ಬಿಡು."

ಅವಳು ಹೊಸ ಸರಳು ಹಾಕಿದಳು, ಆ ವಿಷಯ ಅಲ್ಲಿಗೇ ಮರೆತಳು.

ಎಲ್ಲ ಮುಗಿದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು, ಕೌಂಟರಿನ ಮೇಲಿಂದ ಮೆಲ್ಲಗೆ ಎಬ್ಬಿಸಿದಳು. ಎದೆಯ ಎತ್ತರಕ್ಕೆ ಬಂದು ನಿಂತಿತು. ಎಡಗೈಯ ಸ್ಟಿಕ್ಕು ಎತ್ತರ ಕಾಯುವುದು, ಅದನ್ನು ಹಾಗೇ ಹಿಡಿದಳು. ದಿಕ್ಕು ತಿದ್ದುವ ಬಲಗೈಯನ್ನು ಪೂರ್ತಿ ತೆಗೆದುಬಿಟ್ಟಳು. ಅಲ್ಲಾಡಲಿಲ್ಲ! ಗೋಡೆಯ ಕನ್ನಡಿಗಳಲ್ಲೆಲ್ಲ ಒಂದೊಂದು ಹೆಲಿಕಾಪ್ಟರು, ಒಂದೊಂದು ಹಲ್ಲು ಕಿರಿಯುವ ತಂಗಿ. ಅವಳಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು, ಕೈ ಎಟುಕಲಿಲ್ಲ ಅಷ್ಟೇ.

ಸಂಜೆ ಅಣ್ಣ ಬಂದ. ರಿಮೋಟು ತೆಗೆದುಕೊಂಡ, ಕಾಲು ಅಗಲಿಸಿ ಕ್ಯಾಪ್ಟನ್ನಿನ ಹಾಗೆ ನಿಂತ, ಎಬ್ಬಿಸಿದ. ಹೆಲಿಕಾಪ್ಟರು ಎದ್ದದ್ದೇ ಬಲಕ್ಕೆ ನುಗ್ಗಿ, ತಂಪು ಕನ್ನಡಕಗಳ ಸ್ಟ್ಯಾಂಡಿಗೆ ಬಡಿದು, ಹತ್ತಾರು ಕನ್ನಡಕಗಳ ಜೊತೆ ನೆಲಕ್ಕೆ ಉರುಳಿತು. ಮತ್ತೆ ಎಬ್ಬಿಸಿದ. ಮತ್ತೆ ಬಲಕ್ಕೆ, ಈ ಸಲ ಕಿಟಕಿಯ ಪರದೆಗೆ.

"ಕೆಡಿಸಿಬಿಟ್ಯಲ್ಲೇ!" ಎಂದ. "ನನ್ನ ಮಾತು ಕೇಳ್ತಿದ್ದ ಯಂತ್ರ ಇದು!"

"ನಾನು ಹಾರಿಸಿದಾಗ ಕಲ್ಲು ನೆಟ್ಟ ಹಾಗೆ ನಿಂತಿತ್ತು."

"ಅಂದ್ರೆ ನನಗೆ ಹಾರಿಸೋಕೆ ಬರಲ್ಲ ಅಂತಲಾ?"

"ನಾನು ಹಾಗಂದ್ನಾ? ನೀನೇ ಅಂದ್ಕೊಳ್ತಾ ಇದ್ದೀಯ."

"ಹಳೇ ಸಾಮಾನು ಹಾಕಿಕೊಡು. ಇಲ್ಲಾಂದ್ರೆ ನನಗೆ ಪ್ರದರ್ಶನವೂ ಬೇಡ, ಏನೂ ಬೇಡ." ಮುಖ ಊದಿಸಿಕೊಂಡು ಹೊರಟೇಹೋದ.

ತಂಗಿ ನೆಲದ ಮೇಲೆ ಕೂತು ಕನ್ನಡಕಗಳನ್ನು ಒಂದೊಂದಾಗಿ ಆಯ್ದಳು. ಕಣ್ಣು ತುಂಬಿ ಬಂತು, ಕೋಪವೂ ಬಂತು. ಅವಳ ಜೀವಮಾನದಲ್ಲಿ ಇಷ್ಟು ಒಳ್ಳೆಯ ಕೆಲಸ ಅವಳ ಕೈಯಿಂದ ಆಗಿರಲಿಲ್ಲ. ಮೆಚ್ಚಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಅದನ್ನು ಕೆಟ್ಟಿದೆ ಎಂದು ಹೇಳಿ ಹೋಗಿದ್ದ. ಹಳೆಯ ಸಾಮಾನು ಹಾಕುವುದಂತೆ! ಅದಕ್ಕಿಂತ ಸುತ್ತಿಗೆ ತೆಗೆದುಕೊಂಡು ಕುಟ್ಟುವುದು ಮೇಲು.

ಮರುದಿನ ಬೆಳಿಗ್ಗೆ ಬಂದವರು ಲೆಕ್ಕದ ಮೇಷ್ಟ್ರು, ಹಳೆಯ ಗಿರಾಕಿ. "ಮೇಡಂ, ನೀವು ನೆಟ್ಟಗೆ ಮಾಡಿಕೊಟ್ಟ ಮೇಲೆ ಇದು ಮೂಗಿನ ಮೇಲೆ ಸೊಟ್ಟ ಕೂರ್ತಾ ಇದೆ," ಎಂದು ಕನ್ನಡಕ ಚಾಚಿದರು.

ಮೇಜಿನ ಮೇಲಿಟ್ಟು ನೋಡಿದಳು. ಎರಡು ಕಡ್ಡಿಯೂ ಸಮನಾಗಿ ತಾಗುತ್ತಿದ್ದವು, ಫ್ರೇಮಿನಲ್ಲಿ ಲವಲೇಶವೂ ದೋಷವಿಲ್ಲ. ತಲೆಯೆತ್ತಿ ಮೇಷ್ಟ್ರ ಮುಖ ನೋಡಿದಳು. ಅವರ ಬಲಗಿವಿ ಎಡಗಿವಿಗಿಂತ ಚೂರು ಮೇಲಿತ್ತು. ಯಾರ ಕಿವಿ ತಾನೇ ಸಮನಾಗಿರುತ್ತದೆ? ಬಲಗಡೆಯ ಕಡ್ಡಿಯನ್ನು ಬಿಸಿಮಾಡಿ ಒಂದು ಕೂದಲಿನಷ್ಟು ಬಗ್ಗಿಸಿ ಕೊಟ್ಟಳು.

"ಹಾಂ, ಈಗ ಸರಿಯಾಯ್ತು ನೋಡಿ! ಮೊದಲು ಎಲ್ಲೋ ಎಡವಿದ್ರಿ ನೀವು."

"ಹೌದು ಸಾರ್, ಎಡವಿದ್ದೆ," ಎಂದಳು ನಗುತ್ತ. ಗಿರಾಕಿಗೆ ನಿಮ್ಮ ಕಿವಿ ಸೊಟ್ಟ ಎಂದು ಅವಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿದವಳಲ್ಲ.

ಮೇಷ್ಟ್ರು ಮೆಟ್ಟಿಲಿಳಿಯುವ ಮೊದಲೇ ಅವಳ ತಲೆಯಲ್ಲಿ ದೀಪ ಹತ್ತಿತು. ಬೀರುವಿನ ಮೇಲಿಂದ ಬಿದ್ದ ದಿನದಿಂದ ಆ ಹೆಲಿಕಾಪ್ಟರು ಎಡಕ್ಕೆ ಎಳೆಯುತ್ತಿತ್ತು. ಅಣ್ಣನ ಹೆಬ್ಬೆರಳು ಅದನ್ನು ಸದಾ ಬಲಕ್ಕೆ ಒತ್ತಿ ಹಿಡಿದಿರುತ್ತಿತ್ತು, ಅವನಿಗೇ ಗೊತ್ತಿಲ್ಲದೆ. ಬೇರೆಯವರು ಗೋಡೆಗೆ ಹೊಡೆದದ್ದು ಅದಕ್ಕೇ. ಈಗ ಎಳೆತ ಹೋಗಿತ್ತು, ಹೆಬ್ಬೆರಳಿನ ಒತ್ತು ಹೋಗಿರಲಿಲ್ಲ. ಕ್ಯಾಪ್ಟನ್ ಎಂಬ ಬಿರುದು ನಿಂತದ್ದು ಒಂದು ಸೊಟ್ಟ ಸರಳಿನ ಮೇಲೆ!

ಮೊದಲು ಅವಳಿಗೆ ಬಂದದ್ದು ಗಹಗಹಿಸುವ ನಗು. ಓಡಿಹೋಗಿ ಹೇಳಿಬಿಡಬೇಕು ಎನ್ನಿಸಿತು, ಹೇಳಿದರೆ ಗೆದ್ದ ಹಾಗೆಯೇ. ಆಮೇಲೆ, ಮೀಸೆಯ ಮೇಲೆ ಕೈ ಹಾಕುವ ಅಣ್ಣನ ಮುಖ ಕಣ್ಣ ಮುಂದೆ ಬಂತು. ಪ್ರದರ್ಶನಕ್ಕೆ ಎರಡೇ ದಿನ. ಅಷ್ಟರಲ್ಲಿ ಯಾವ ಹೆಬ್ಬೆರಳೂ ಹಳೆಯ ಚಾಳಿ ಬಿಡುವುದಿಲ್ಲ.

ಹೊಸ ರಿಮೋಟಿನಲ್ಲಿ ಬಲಗೈಯ ಸ್ಟಿಕ್ಕಿನ ಕೆಳಗೆ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಯಾವ ಕಡೆಗೆ ಎಷ್ಟು ಸಲ ಒತ್ತಿದರೆ ಯಂತ್ರ ಆ ಕಡೆ ಅಷ್ಟು ವಾಲುತ್ತದೆ, ಪರದೆಯ ಮೇಲೆ ಒಂದು ಗೆರೆ ನಡುವಿನಿಂದ ಸರಿಯುತ್ತದೆ. ಕೀಂ, ಕೀಂ, ಕೀಂ ಎಂದು ಎಡಕ್ಕೆ ಒತ್ತಿದಳು. ತಾನೇ ತೂಗಿ, ತಿದ್ದಿ, ನೆಟ್ಟಗೆ ನಿಲ್ಲಿಸಿದ್ದನ್ನು ತಾನೇ ಸೊಟ್ಟ ಮಾಡುವಾಗ ಪ್ರತಿ ಕೀಂ ಅವಳ ಹಲ್ಲಿಗೇ ತಾಗಿತು.

ಅಣ್ಣನ ಮನೆಯಲ್ಲಿ ಅತ್ತಿಗೆ ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿಬಿಟ್ಟಿದ್ದರು. ಅಣ್ಣ ಒಲ್ಲದ ಮನಸ್ಸಿನಿಂದ ರಿಮೋಟು ಹಿಡಿದ. ಹೆಲಿಕಾಪ್ಟರು ಎದ್ದಿತು, ಸೋಫಾ ಸುತ್ತಿತು, ಊಟದ ಮೇಜಿನ ಮೇಲೆ ಇಳಿಯಿತು.

"ಹಾಂ! ಈಗ ಸರಿಯಾಯ್ತು," ಎಂದ ಅಣ್ಣ. "ಮೊದಲು ಎಲ್ಲೋ ಎಡವಿದ್ದೆ ನೀನು."

"ಹೌದಣ್ಣ," ಎಂದಳು. ಗಿರಾಕಿಗೆ ಹೇಳಿದಷ್ಟು ಸುಲಭವಾಗಿ ಬರಲಿಲ್ಲ ಆ ಮಾತು.

ಪ್ರದರ್ಶನದ ದಿನ ಬ್ಯಾಡ್ಮಿಂಟನ್ ಹಾಲು ಕಿಕ್ಕಿರಿದಿತ್ತು. ಅಣ್ಣ ಕೊನೆಯಲ್ಲಿ ಬಂದ. ತೂಗುಬಿಟ್ಟಿದ್ದ ದೊಡ್ಡ ರಿಂಗಿನೊಳಗೆ ಹೆಲಿಕಾಪ್ಟರನ್ನು ನುಗ್ಗಿಸಿದ, ಹಿಂದಕ್ಕೆ ತಂದ, ಸ್ಟೂಲಿನ ಮೇಲೆ ಹೂವಿಟ್ಟ ಹಾಗೆ ಇಳಿಸಿದ. ಚಪ್ಪಾಳೆಯೋ ಚಪ್ಪಾಳೆ. ಅಂಚಿನ ಬೆಂಚಿನಲ್ಲಿ ಅತ್ತಿಗೆಯ ಪಕ್ಕ ಕೂತಿದ್ದ ತಂಗಿಯೂ ತಟ್ಟಿದಳು.

"ಏನು ಹೇಳಿ, ಇದು ಕ್ಯಾಪ್ಟನ್ ಮಾತು ಮಾತ್ರ ಕೇಳೋದು!" ಎಂದರು ಗಡಿಯಾರದಂಗಡಿ ಯಜಮಾನರು ಜೋರಾಗಿ.

ಅಣ್ಣ ಮೀಸೆಗೆ ಕೈ ಒಯ್ಯುತ್ತ, ಬ್ಯಾಟರಿ ಎಷ್ಟಿದೆಯೆಂದು ಪರದೆ ನೋಡಿದ. ಕೈ ಅರ್ಧದಲ್ಲೇ ನಿಂತಿತು. ಗೆರೆ ನಡುವೆ ಇರಲಿಲ್ಲ, ಎಡಕ್ಕೆ ಸರಿದು ಕೂತಿತ್ತು. ಒಂದು ಕಡೆಗೆ ಎಳೆಯುವ ಬಸ್ಸುಗಳನ್ನು ದಿನಾ ಓಡಿಸುವವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ತಲೆಯೆತ್ತಿ ಬೆಂಚುಗಳ ಮೇಲೆಲ್ಲ ಹುಡುಕಿ ತಂಗಿಯನ್ನು ನೋಡಿದ. ಅವಳು ತನ್ನ ಚೀಲದ ಜಿಪ್ಪು ಎಳೆಯುತ್ತ ಕೂತಳು.

ಕೀಂ, ಕೀಂ, ಕೀಂ. ಅವಳ ಕೈ ಜಿಪ್ಪಿನ ಮೇಲೆ ನಿಂತಿತು. ಅಣ್ಣ ಗುಂಡಿಯನ್ನು ಬಲಕ್ಕೆ ಒತ್ತುತ್ತಿದ್ದ. ಗೆರೆ ನಡುವಿಗೆ ಬಂದಾಗ ಕೀಂ ಉದ್ದವಾಗಿ ಬಂತು, ಅಲ್ಲಿಗೆ ನಿಲ್ಲಿಸಿದ.

"ಬೇಡಣ್ಣ," ಎಂದಳು, ಅತ್ತಿಗೆಗೆ ಮಾತ್ರ ಕೇಳಿಸಿತು.

ಹೆಲಿಕಾಪ್ಟರು ಎದ್ದಿತು, ಎದ್ದ ಹಾಗೇ ಬಲಕ್ಕೆ ಓಡಿತು. ಜನ ಹೋ ಎಂದರು. ಅಣ್ಣ ಹಲ್ಲು ಕಚ್ಚಿದ. ಹೆಬ್ಬೆರಳನ್ನು ಸಡಿಲಿಸಿದ, ತಂದು ನಡುವೆ ನಿಲ್ಲಿಸಿದ. ಆಮೇಲೆ ಬಲಗೈಯನ್ನು ರಿಮೋಟಿನಿಂದ ಪೂರ್ತಿ ತೆಗೆದು ಮೇಲೆತ್ತಿ ಎಲ್ಲರಿಗೂ ತೋರಿಸಿದ. ಹೆಲಿಕಾಪ್ಟರು ಇದ್ದಲ್ಲೇ ನಿಂತಿತು. ಹಾಲಿನಲ್ಲಿ ಅದರ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ.

"ಬಾರೇ ಇಲ್ಲಿ, ಸ್ಕ್ರೂ," ಎಂದು ಅದೇ ಕೈಯಿಂದ ಕರೆದ.

ಅವಳು ಚೀಲವನ್ನು ಅತ್ತಿಗೆಯ ಕೈಗಿತ್ತು ನಡೆದು ಹೋದಳು.

"ಇಷ್ಟು ವರ್ಷ ಇದು ನನ್ನ ಮಾತು ಮಾತ್ರ ಕೇಳತ್ತೆ ಅಂತ ಜಂಬ ಕೊಚ್ಚಿಕೊಂಡೆ," ಎಂದ ಅಣ್ಣ, ಕಣ್ಣು ಹೆಲಿಕಾಪ್ಟರಿನ ಮೇಲೆಯೇ ಇಟ್ಟು. "ಇದರ ಒಂದು ಸರಳು ಸೊಟ್ಟಗಿತ್ತು, ಅಷ್ಟೇ. ಯಜಮಾನರೇ, ನೀವು ಗೋಡೆಗೆ ಹೊಡೆದಿದ್ದು ನಿಮ್ಮ ತಪ್ಪಲ್ಲ. ಈಗ ಬನ್ನಿ, ಯಾರು ಬೇಕಾದ್ರೂ ಹಾರಿಸಬಹುದು. ಇವಳು ನನ್ನ ತಂಗಿ. ಇದು ಇವಳು ಮಾಡಿದ್ದು."

ಅವನ ಧ್ವನಿಯಲ್ಲಿ ಹಿಂದೆಂದೂ ಇರದಷ್ಟು ಜಂಬವಿತ್ತು. ಬಿಡುವಾಗಿದ್ದ ಬಲಗೈಯನ್ನು ತಂಗಿಯ ಹೆಗಲ ಮೇಲೆ ಹಾಕಿದ. ಮುಂದೆ ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ, ಹಾಗೇ ನಿಂತು ನೋಡಿದರು.

"ಎಷ್ಟು ಹೊತ್ತು ಹೀಗೇ ನಿಂತಿರತ್ತೆ?" ಎಂದು ಅಣ್ಣ ಪಿಸುಗುಟ್ಟಿದ.

"ನೀನು ಮುಟ್ಟದಿದ್ರೆ, ಬ್ಯಾಟರಿ ಮುಗಿಯೋವರೆಗೂ," ಎಂದಳು ತಂಗಿ.